ಕಾರಾಗೃಹದ ಕಚೇರಿಯ ಗುಮಾಸ್ತರು: ಒಂದು ದಿನಾಂಕದ ಬೆಲೆ

ಪಿಯುಸಿ ಮುಗಿದ ಮೇಲೆ ಸರಕಾರಿ ಕೆಲಸಕ್ಕೆ ಪರೀಕ್ಷೆ ಬರೆಯಬೇಕು ಎಂದುಕೊಂಡಿರುವವರು ನಮ್ಮ ಕಾಲೇಜಿನಲ್ಲಿ ಬಹಳ ಮಂದಿ ಇದ್ದಾರೆ. ಎಸ್‌ಡಿಎ, ಎಫ್‌ಡಿಎ ಎಂಬ ಹೆಸರು ಎಲ್ಲರ ಬಾಯಲ್ಲೂ ಇದೆ. ಆ ಹುದ್ದೆ ಯಾವ ಇಲಾಖೆಯಲ್ಲಿ ಸಿಗಬಹುದು ಎಂದು ಕೇಳಿದರೆ ತಹಶೀಲ್ದಾರ ಕಚೇರಿ, ಶಿಕ್ಷಣ ಇಲಾಖೆ, ಲೋಕೋಪಯೋಗಿ ಇಲಾಖೆ ಎಂಬ ಉತ್ತರ ಬರುತ್ತದೆ. ಕಾರಾಗೃಹ ಇಲಾಖೆಯ ಹೆಸರು ಹೇಳುವವರು ಕಡಿಮೆ. ಜೈಲು ಎಂದರೆ ಖಾಕಿ ಬಟ್ಟೆಯವರ ಜಾಗ ಎಂಬುದು ನಮ್ಮ ತಿಳಿವಳಿಕೆ. ಆದರೆ ನಮ್ಮ ಧಾರವಾಡದ ಕೇಂದ್ರ ಕಾರಾಗೃಹವಿರಲಿ, ಬೆಳಗಾವಿಯ ಹಿಂಡಲಗಾ ಇರಲಿ, ಬೆಂಗಳೂರಿನ ಪರಪ್ಪನ ಅಗ್ರಹಾರವಿರಲಿ, ಪ್ರತಿಯೊಂದು ಜೈಲಿಗೂ ಒಂದು ಕಚೇರಿ ಇರುತ್ತದೆ. ಅಲ್ಲಿ ಸಮವಸ್ತ್ರವಿಲ್ಲದ ನೌಕರರು ಕುಳಿತು ಕಡತ ಬರೆಯುತ್ತಾರೆ. ಅವರ ಕೆಲಸ ಏನು, ಅದು ಬೇರೆ ಕಚೇರಿಗಳ ಕೆಲಸಕ್ಕಿಂತ ಯಾಕೆ ಹೆಚ್ಚು ಎಚ್ಚರ ಬೇಡುತ್ತದೆ ಎಂಬುದನ್ನು ಇಲ್ಲಿ ನೋಡೋಣ.

ಯಾರು ಯಾರು ಇರುತ್ತಾರೆ?

ಕಾರಾಗೃಹಗಳು ಸಂವಿಧಾನದ ಪ್ರಕಾರ ರಾಜ್ಯದ ವಿಷಯ. ನಮ್ಮಲ್ಲಿ ಅವು 1963ರ ಕರ್ನಾಟಕ ಕಾರಾಗೃಹಗಳ ಅಧಿನಿಯಮ ಮತ್ತು 1974ರ ನಿಯಮಗಳಿಂದ ಬೆಳೆದು ಬಂದ ಪದ್ಧತಿಯಲ್ಲಿ ನಡೆಯುತ್ತವೆ. ಇಲಾಖೆಯ ಈಗಿನ ಹೆಸರು ಕಾರಾಗೃಹ ಮತ್ತು ಸುಧಾರಣಾ ಸೇವೆಗಳ ಇಲಾಖೆ. ಕೇಂದ್ರ ಕಾರಾಗೃಹದ ಮೇಲಧಿಕಾರಿ ಮುಖ್ಯ ಅಧೀಕ್ಷಕರು. ಅವರ ಕೈಕೆಳಗೆ ಎರಡು ಬಗೆಯ ಸಿಬ್ಬಂದಿ. ಕಾವಲು ಮತ್ತು ಭದ್ರತೆಗೆ ಜೈಲರ್, ಸಹಾಯಕ ಜೈಲರ್, ವೀಕ್ಷಕರು. ಕಚೇರಿ ಕೆಲಸಕ್ಕೆ ಪ್ರಥಮ ದರ್ಜೆ ಸಹಾಯಕರು, ದ್ವಿತೀಯ ದರ್ಜೆ ಸಹಾಯಕರು, ಬೆರಳಚ್ಚುಗಾರರು ಮತ್ತು ಅವರ ಮೇಲ್ವಿಚಾರಕರು.

ಕಚೇರಿ ಕೆಲಸದ ಒಂದು ಪಾಲು ಎಲ್ಲ ಕಡೆಯಂತೆಯೇ ಇರುತ್ತದೆ. ಆವಕ-ಜಾವಕ ಟಪಾಲು, ಸಿಬ್ಬಂದಿಯ ಸಂಬಳದ ಬಿಲ್ಲು, ರಜೆಯ ಲೆಕ್ಕ, ಸೇವಾ ಪುಸ್ತಕ, ದಿನಸಿ ಖರೀದಿಯ ಕಡತ, ಲೆಕ್ಕ ತಪಾಸಣೆಗೆ ಉತ್ತರ. ಇನ್ನೊಂದು ಪಾಲು ಜೈಲಿಗೆ ಮಾತ್ರ ಸೇರಿದ್ದು. ಅದು ಒಳಗಿರುವ ಮನುಷ್ಯರ ಕಡತ. ಇದನ್ನು ಕೆಲವೆಡೆ ಜೈಲರ್ ದರ್ಜೆಯವರೂ ಕೆಲವೆಡೆ ಗುಮಾಸ್ತರೂ ನೋಡಿಕೊಳ್ಳುತ್ತಾರೆ. ಸಹಿ ಅಧೀಕ್ಷಕರದೇ ಆದರೂ ಸಹಿಗೆ ಹೋಗುವ ಕಾಗದವನ್ನು ಸಿದ್ಧಪಡಿಸುವುದು ಕಚೇರಿ.

ಬಾಗಿಲು ತೆರೆಯುವುದು ಕಾಗದ ನೋಡಿ

ನ್ಯಾಯಾಲಯದ ವಾರಂಟ್ ಇಲ್ಲದೆ ಯಾರನ್ನೂ ಜೈಲಿನೊಳಗೆ ಸೇರಿಸಿಕೊಳ್ಳುವಂತಿಲ್ಲ. 2015ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆ ಒಪ್ಪಿದ ನೆಲ್ಸನ್ ಮಂಡೇಲಾ ನಿಯಮಗಳೂ ಇದನ್ನೇ ಹೇಳುತ್ತವೆ. 27 ವರ್ಷ ಸೆರೆಯಲ್ಲಿದ್ದ ನಾಯಕನ ಹೆಸರು ಹೊತ್ತ ಆ ನಿಯಮಗಳಲ್ಲಿ ಕೈದಿಯ ಕಡತವನ್ನು ಹೇಗೆ ಇಡಬೇಕು ಎಂಬುದಕ್ಕೇ ಪ್ರತ್ಯೇಕ ಭಾಗವಿದೆ.

ಹೊಸ ಕೈದಿ ಬಂದಾಗ ಹೆಸರು, ತಂದೆಯ ಹೆಸರು, ವಿಳಾಸ, ಅಪರಾಧ ಸಂಖ್ಯೆ, ಕಲಂ, ನ್ಯಾಯಾಲಯದ ಹೆಸರು, ಮುಂದಿನ ತಾರೀಖು, ಮೈಮೇಲಿನ ಗುರುತು, ಗಾಯ, ಕಾಯಿಲೆ, ಜೊತೆಗೆ ತಂದ ಹಣ ಮತ್ತು ವಸ್ತು, ಇಷ್ಟನ್ನೂ ದಾಖಲಿಸಬೇಕು. ಈಗ ರಿಜಿಸ್ಟರಿನ ಜೊತೆಗೆ ಎನ್‌ಐಸಿ ತಯಾರಿಸಿದ ಇ-ಪ್ರಿಸನ್ಸ್ ತಂತ್ರಾಂಶಕ್ಕೂ ಇದೆಲ್ಲ ಏರುತ್ತದೆ. ಮುಂಚೆ ಈ ನಮೂನೆಗಳಲ್ಲಿ ಜಾತಿಯ ಅಂಕಣವೂ ಇರುತ್ತಿತ್ತು. ಜೈಲಿನೊಳಗೆ ಜಾತಿ ನೋಡಿ ಕೆಲಸ ಹಂಚುವ ಪದ್ಧತಿಯನ್ನು ರದ್ದು ಮಾಡಿದ ಸುಪ್ರೀಂ ಕೋರ್ಟ್, 2024ರ ಅಕ್ಟೋಬರ್ 3ರ ತೀರ್ಪಿನಲ್ಲಿ ಕೈದಿಗಳ ರಿಜಿಸ್ಟರಿನಿಂದ ಆ ಅಂಕಣವನ್ನೇ ತೆಗೆಯಲು ಹೇಳಿತು. ರಿಜಿಸ್ಟರಿನ ಒಂದು ಅಂಕಣ ಒಬ್ಬನ ಕೈಗೆ ಪೊರಕೆ ಕೊಡುತ್ತದೋ ಸೌಟು ಕೊಡುತ್ತದೋ ಎಂಬುದನ್ನು ನಿರ್ಧರಿಸುತ್ತಿತ್ತು ಎಂದರೆ ಬರವಣಿಗೆಯ ಬಲ ಎಷ್ಟೆಂದು ಊಹಿಸಿಕೊಳ್ಳಿ.

ದಿನ ಎಣಿಸುವ ಕೆಲಸ

ಗುಮಾಸ್ತರ ಮುಖ್ಯ ಕೆಲಸ ದಿನಗಳ ಲೆಕ್ಕ. ಒಂದು ಕಾಲ್ಪನಿಕ ಉದಾಹರಣೆ ತೆಗೆದುಕೊಳ್ಳೋಣ. ಒಬ್ಬರನ್ನು 2025ರ ಜೂನ್ 1ರಂದು ನ್ಯಾಯಾಂಗ ಬಂಧನಕ್ಕೆ ಕಳಿಸಿದರು. ಜಾಮೀನು ಸಿಗಲಿಲ್ಲ. ಡಿಸೆಂಬರ್ 1ರಂದು ಎರಡು ವರ್ಷದ ಶಿಕ್ಷೆ ಆಯಿತು. ಶಿಕ್ಷೆ ಮುಗಿಯುವುದು ಯಾವಾಗ?

ತೀರ್ಪಿನ ದಿನದಿಂದ ಎಣಿಸಿದರೆ 2027ರ ನವೆಂಬರ್ 30. ಆದರೆ ಅದೇ ಪ್ರಕರಣದಲ್ಲಿ ತೀರ್ಪಿಗೆ ಮುಂಚೆ ಒಳಗೆ ಕಳೆದ ದಿನಗಳನ್ನು ಶಿಕ್ಷೆಯಲ್ಲಿ ಕಳೆಯಬೇಕು ಎಂದು ಕಾನೂನು ಹೇಳುತ್ತದೆ. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಇದು 428ನೇ ಕಲಂ, ಈಗಿನ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 468ನೇ ಕಲಂ. ಜೂನ್ 1ರಿಂದ ನವೆಂಬರ್ 30ರವರೆಗೆ 183 ದಿನ. ಅವನ್ನು ಕಳೆದರೆ ಶಿಕ್ಷೆ 2027ರ ಮೇ 31ಕ್ಕೇ ಮುಗಿಯುತ್ತದೆ. ನಡುವೆ ಜಾಮೀನಿನ ಮೇಲೆ ಹೊರಗಿದ್ದರೆ ಆ ದಿನಗಳನ್ನು ಬಿಡಬೇಕು. ದಂಡ ಕಟ್ಟದಿದ್ದರೆ ಅದಕ್ಕೆ ಬದಲಾಗಿ ಹೇಳಿದ ಶಿಕ್ಷೆಯನ್ನು ಸೇರಿಸಬೇಕು. ಒಳ್ಳೆಯ ನಡತೆ, ಕೆಲಸಕ್ಕಾಗಿ ಸಿಕ್ಕ ಮಾಫಿಯ ದಿನಗಳನ್ನು ಮತ್ತೆ ಕಳೆಯಬೇಕು. ಇದು ಎಂಟನೇ ತರಗತಿಯ ಕೂಡಿಸು-ಕಳೆಯುವ ಲೆಕ್ಕ. ಆದರೆ ಇಲ್ಲಿ ತಪ್ಪಿದರೆ ಹೋಗುವುದು ಅಂಕವಲ್ಲ, 183 ರಾತ್ರಿ.

ವಿಚಾರಣಾಧೀನ ಕೈದಿಗಳ ಲೆಕ್ಕ ಇನ್ನೂ ನಾಜೂಕು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ 2022ರ ವರದಿಯಂತೆ ದೇಶದ ಜೈಲುಗಳಲ್ಲಿದ್ದ 5,73,220 ಜನರಲ್ಲಿ 4,34,302 ಮಂದಿ ವಿಚಾರಣಾಧೀನರು. ಅಂದರೆ ನಾಲ್ವರಲ್ಲಿ ಮೂವರ ಅಪರಾಧ ಇನ್ನೂ ಸಾಬೀತಾಗಿರಲಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಂ ಇಂಥವರಿಗಾಗಿಯೇ ಇದೆ. ತನ್ನ ಮೇಲಿನ ಆರೋಪಕ್ಕೆ ಇರುವ ಗರಿಷ್ಠ ಶಿಕ್ಷೆಯ ಅರ್ಧದಷ್ಟು ಕಾಲವನ್ನು ಒಳಗೆ ಕಳೆದವರು ಜಾಮೀನಿಗೆ ಅರ್ಹರು. ಹಿಂದೆ ಯಾವ ಅಪರಾಧದಲ್ಲೂ ಶಿಕ್ಷೆಯಾಗಿರದವರಿಗೆ ಮೂರನೇ ಒಂದು ಭಾಗ ಸಾಕು. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆ ಇರುವ ಅಪರಾಧಗಳಿಗೆ ಇದು ಅನ್ವಯಿಸುವುದಿಲ್ಲ. ಒಂದಕ್ಕಿಂತ ಹೆಚ್ಚು ಪ್ರಕರಣ ಬಾಕಿ ಇದ್ದವರಿಗೂ ಇಲ್ಲ.

ಈ ಕಲಮಿನ ಮೂರನೇ ಉಪಕಲಂ ನಮ್ಮ ವಿಷಯಕ್ಕೆ ನೇರವಾಗಿ ತಾಗುತ್ತದೆ. ಅವಧಿ ಮುಗಿದ ಕೂಡಲೇ ನ್ಯಾಯಾಲಯಕ್ಕೆ ಲಿಖಿತ ಅರ್ಜಿ ಸಲ್ಲಿಸುವ ಹೊಣೆಯನ್ನು ಅದು ಜೈಲಿನ ಅಧೀಕ್ಷಕರ ಮೇಲೆಯೇ ಹಾಕಿದೆ. ವಕೀಲರಿಲ್ಲದ, ಓದು ಬಾರದ, ಮನೆಯವರು ಬಂದು ನೋಡದ ಕೈದಿಯ ಪರವಾಗಿ ಜೈಲೇ ಅರ್ಜಿ ಹಾಕಬೇಕು. ಯಾರ ಅವಧಿ ಇವತ್ತು ಮುಗಿಯಿತು ಎಂದು ಪಟ್ಟಿ ಮಾಡಿ ಮೇಜಿನ ಮೇಲೆ ಇಡುವವರು ಇಲ್ಲದಿದ್ದರೆ ಈ ಕಾನೂನು ಪುಸ್ತಕದಲ್ಲೇ ಉಳಿಯುತ್ತದೆ.

ಹದಿನಾಲ್ಕು ವರ್ಷ, ಮತ್ತು ಒಂದು ಉಪಕಲಂ

ಕಾಗದ ಚಲಿಸದಿದ್ದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ದೇಶದಲ್ಲಿ ಪ್ರಸಿದ್ಧ ಪ್ರಕರಣವಿದೆ. ಬಿಹಾರದ ರುದುಲ್ ಸಾಹ ಎಂಬವರನ್ನು ಮುಜಫ್ಫರಪುರದ ಸೆಷನ್ಸ್ ನ್ಯಾಯಾಲಯ 1968ರ ಜೂನ್‌ನಲ್ಲಿ ನಿರ್ದೋಷಿ ಎಂದು ಬಿಡುಗಡೆ ಮಾಡಿತು. ಅವರು ಜೈಲಿನಿಂದ ಹೊರಬಂದದ್ದು 1982ರ ಅಕ್ಟೋಬರ್ 16ರಂದು. ತೀರ್ಪಿಗೂ ಬಾಗಿಲಿಗೂ ನಡುವೆ 14 ವರ್ಷ. ಅವರು ಮಾನಸಿಕ ಅಸ್ವಸ್ಥರಾಗಿದ್ದರು ಎಂಬ ಕಾರಣ ಕೊಡಲಾಯಿತು. ಅದನ್ನು ಸಮರ್ಥಿಸುವ ದಾಖಲೆ ಸುಪ್ರೀಂ ಕೋರ್ಟಿಗೆ ಸಿಗಲಿಲ್ಲ. 1983ರಲ್ಲಿ ನ್ಯಾಯಾಲಯ ಸರಕಾರ ಆಗಲೇ ಕೊಟ್ಟಿದ್ದ 5,000 ರೂಪಾಯಿಯ ಜೊತೆಗೆ 30,000 ರೂಪಾಯಿ ಪರಿಹಾರ ಕೊಡಿಸಿತು. ಮೂಲಭೂತ ಹಕ್ಕಿನ ಉಲ್ಲಂಘನೆಗೆ ಸರಕಾರ ಹಣ ತೆರಬೇಕು ಎಂಬ ತತ್ವ ಗಟ್ಟಿಯಾದದ್ದು ಈ ತೀರ್ಪಿನಿಂದ. ರಾಜ್ಯಶಾಸ್ತ್ರದ ವಿದ್ಯಾರ್ಥಿಗಳು 21ನೇ ವಿಧಿ ಓದುವಾಗ ಇದನ್ನು ನೆನಪಿಡಬೇಕು.

ಅದು ಹಳೆಯ ಕಾಲ, ಈಗ ಕಂಪ್ಯೂಟರ್ ಬಂದಿದೆ ಎನ್ನಬಹುದು. 2025ರಲ್ಲಿ ಉತ್ತರ ಪ್ರದೇಶದ ಗಾಜಿಯಾಬಾದ್ ಜೈಲಿನಲ್ಲಿದ್ದ ಒಬ್ಬರಿಗೆ ಏಪ್ರಿಲ್ 29ರಂದು ಸುಪ್ರೀಂ ಕೋರ್ಟೇ ಜಾಮೀನು ಕೊಟ್ಟಿತು. ಅವರು ಹೊರಬಂದದ್ದು ಜೂನ್ 24ರಂದು. ಆದೇಶದಲ್ಲಿ ಕಲಂ ಬರೆದಿತ್ತು, ಅದರ ಒಂದು ಉಪಕಲಮಿನ ಉಲ್ಲೇಖ ಬಿಟ್ಟುಹೋಗಿತ್ತು ಎಂಬುದೇ ತಡೆಗೆ ಕೊಟ್ಟ ಕಾರಣ. ವ್ಯಕ್ತಿ ಯಾರು, ಪ್ರಕರಣ ಯಾವುದು ಎಂಬುದು ಸ್ಪಷ್ಟವಾಗಿರುವಾಗ ಇಂಥ ಸಣ್ಣ ಕೊರತೆಗಾಗಿ ಸ್ವಾತಂತ್ರ್ಯ ಕಸಿಯಬಾರದು ಎಂದು ನ್ಯಾಯಾಲಯ ಹೇಳಿ, 5 ಲಕ್ಷ ರೂಪಾಯಿ ಮಧ್ಯಂತರ ಪರಿಹಾರ ಕೊಡಲು ಆದೇಶಿಸಿತು.

ಈ ಎರಡು ಪ್ರಕರಣಗಳಿಂದ ಗುಮಾಸ್ತರು ಕಲಿಯಬೇಕಾದ್ದು ಎರಡು. ಮೊದಲನೆಯದು, ಬಂದ ಕಾಗದವನ್ನು ಆ ದಿನವೇ ನೋಡಬೇಕು. ಎರಡನೆಯದು, ಕಾಗದದಲ್ಲಿ ಏನಾದರೂ ಕೊರತೆ ಕಂಡರೆ ಅದನ್ನು ಪಕ್ಕಕ್ಕಿಟ್ಟು ಕೂರದೆ, ಕಳಿಸಿದ ನ್ಯಾಯಾಲಯವನ್ನು ಆ ದಿನವೇ ಕೇಳಿ ಸರಿಪಡಿಸಿಕೊಳ್ಳಬೇಕು. ಎಚ್ಚರ ತಪ್ಪಿ ಬೇರೆಯವರನ್ನು ಬಿಟ್ಟರೂ ಅಪರಾಧ, ಅತಿ ಎಚ್ಚರದಿಂದ ಬಿಡಬೇಕಾದವರನ್ನು ಇಟ್ಟುಕೊಂಡರೂ ಅನ್ಯಾಯ.

ನಮ್ಮ ಭಾಗದಲ್ಲಿ ಹೆಸರಿನ ತೊಡಕು ವಿಶೇಷ. ಒಂದೇ ಹೆಸರು ಒಂದು ಕಾಗದದಲ್ಲಿ ಮಹಮ್ಮದ, ಇನ್ನೊಂದರಲ್ಲಿ ಮೊಹಮ್ಮದ್, ಮತ್ತೊಂದರಲ್ಲಿ ಮಹ್ಮದ. ಅಡ್ಡಹೆಸರು ಒಮ್ಮೆ ಊರಿನದು, ಒಮ್ಮೆ ಕಸುಬಿನದು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೂ ಆಧಾರ್ ಕಾರ್ಡಿಗೂ ಹೆಸರು ಹೊಂದದೆ ವಿದ್ಯಾರ್ಥಿವೇತನಕ್ಕಾಗಿ ಅಲೆದವರು ನಮ್ಮಲ್ಲಿ ಇದ್ದಾರೆ. ಅದೇ ತೊಡಕು ಬಿಡುಗಡೆ ಆದೇಶದಲ್ಲಿ ಬಂದರೆ ಮನೆಯವರು ಸಂಜೆಯವರೆಗೆ ಗೇಟಿನ ಹೊರಗೆ ಕಾದು ಬರಿಗೈಯಲ್ಲಿ ಹಿಂದಿರುಗಬೇಕಾಗುತ್ತದೆ. ಸೇರಿಸಿಕೊಳ್ಳುವ ದಿನವೇ ತಂದೆಯ ಹೆಸರು, ಗುರುತು, ಅಪರಾಧ ಸಂಖ್ಯೆಯನ್ನು ಸರಿಯಾಗಿ ಬರೆದಿದ್ದರೆ ಬಿಡುಗಡೆಯ ದಿನ ಹೆಸರಿನ ಒಂದು ಅಕ್ಷರ ಹೆಚ್ಚು-ಕಡಿಮೆಯಾದರೂ ವ್ಯಕ್ತಿಯನ್ನು ಗುರುತಿಸಬಹುದು.

ಜಾಮೀನು ಸಿಕ್ಕ ಮೇಲೂ ಕೆಲಸ ಮುಗಿಯದು

ಜಾಮೀನು ಮಂಜೂರಾದರೂ ಹಣವಿಲ್ಲದೆ, ಶ್ಯೂರಿಟಿ ಸಿಗದೆ ಒಳಗೇ ಉಳಿಯುವವರಿದ್ದಾರೆ. ಸುಪ್ರೀಂ ಕೋರ್ಟ್ 2023ರ ಜನವರಿ 31ರಂದು ಇದಕ್ಕೆ ದಾರಿ ಹಾಕಿತು. ಜಾಮೀನು ಆದೇಶದ ಪ್ರತಿಯನ್ನು ನ್ಯಾಯಾಲಯ ಆ ದಿನ ಅಥವಾ ಮರುದಿನವೇ ಇ-ಮೇಲ್ ಮೂಲಕ ಜೈಲಿಗೆ ಕಳಿಸಬೇಕು. ಜೈಲಿನವರು ಆ ದಿನಾಂಕವನ್ನು ಇ-ಪ್ರಿಸನ್ಸ್‌ನಲ್ಲಿ ನಮೂದಿಸಬೇಕು. ಏಳು ದಿನದೊಳಗೆ ಬಿಡುಗಡೆಯಾಗದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕು. ಅದೇ ವರ್ಷ ಕೇಂದ್ರ ಸರಕಾರ ಬಡ ಕೈದಿಗಳಿಗೆ ನೆರವಿನ ಯೋಜನೆ ತಂದಿತು. ವಿಚಾರಣಾಧೀನರಿಗೆ ಜಾಮೀನಿಗಾಗಿ, ಶಿಕ್ಷೆಯಾದವರಿಗೆ ದಂಡ ಕಟ್ಟಲು ಸಹಾಯ ಸಿಗಬಹುದು. ಇದನ್ನು ಕೊಡುವುದು ಜಿಲ್ಲಾ ಮಟ್ಟದ ಸಮಿತಿ. ಅರ್ಹರ ಹೆಸರು ಅಲ್ಲಿಗೆ ತಲುಪುವುದು ಜೈಲಿನ ಕಡತದಿಂದ.

ಇದರ ಜೊತೆ ದಿನನಿತ್ಯದ ಕೆಲಸಗಳಿವೆ. ನಾಳೆ ಯಾರನ್ನು ಯಾವ ಕೋರ್ಟಿಗೆ ಕಳಿಸಬೇಕು ಎಂಬ ಪಟ್ಟಿ ಮಾಡಿ ಪೊಲೀಸ್ ಬೆಂಗಾವಲು ಕೇಳಬೇಕು, ಇಲ್ಲವೇ ವಿಡಿಯೋ ಕಾನ್ಫರೆನ್ಸ್ ವ್ಯವಸ್ಥೆ ಮಾಡಬೇಕು. ಶಿಕ್ಷೆಯಾದವರ ಮೇಲ್ಮನವಿ ಕಳಿಸಬೇಕು. 2008ರಲ್ಲಿ ಧಾರವಾಡದಲ್ಲಿ ಹೈಕೋರ್ಟ್ ಪೀಠ ಶುರುವಾಗಿ 2013ರಲ್ಲಿ ಕಾಯಂ ಆದ ಮೇಲೆ ನಮ್ಮ ಭಾಗದ ಈ ಕಾಗದಗಳು ಬೆಂಗಳೂರಿಗೆ ಹೋಗಬೇಕಾಗಿಲ್ಲ. ಪರೋಲ್ ಅರ್ಜಿ, ದುಡಿದ ಕೂಲಿಯ ಖಾತೆ, ಮನೆಯವರ ಭೇಟಿಯ ದಾಖಲೆ, ರಮಜಾನ್‌ನಲ್ಲಿ ಉಪವಾಸ ಇರುವವರ ಪಟ್ಟಿ, ಏಕಾದಶಿಗೆ ಊಟ ಬಿಡುವವರ ಪಟ್ಟಿ, ಎಲ್ಲವೂ ಅಕ್ಷರಕ್ಕೆ ಇಳಿಯಬೇಕು.

ಈ ಕೆಲಸಕ್ಕೆ ಬೇಕಾದದ್ದು

ದ್ವಿತೀಯ ದರ್ಜೆ ಸಹಾಯಕ ಹುದ್ದೆಗೆ ಪಿಯುಸಿ, ಪ್ರಥಮ ದರ್ಜೆಗೆ ಪದವಿ ವಿದ್ಯಾರ್ಹತೆ. ಕರ್ನಾಟಕ ಲೋಕಸೇವಾ ಆಯೋಗದ ಪರೀಕ್ಷೆಯಲ್ಲಿ ಕನ್ನಡ, ಇಂಗ್ಲಿಷ್, ಸಾಮಾನ್ಯ ಜ್ಞಾನ ಮುಖ್ಯ. ಸೇರಿದ ಮೇಲೆ ಇಲಾಖಾ ಪರೀಕ್ಷೆ ಮತ್ತು ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆ ಪಾಸಾಗಬೇಕು. ಸರಕಾರದ ಪತ್ರ ಕನ್ನಡದಲ್ಲಿ, ಹೈಕೋರ್ಟಿನ ಆದೇಶ ಇಂಗ್ಲಿಷಿನಲ್ಲಿ ಬರುವುದರಿಂದ ಎರಡೂ ಭಾಷೆ ತಪ್ಪಿಲ್ಲದೆ ಓದಲು ಬರಬೇಕು. ಉರ್ದು ಅಥವಾ ಮರಾಠಿ ಬಲ್ಲವರಿದ್ದರೆ ಭೇಟಿಗೆ ಬಂದ ಅಜ್ಜಿಗೂ ಅನುಕೂಲ, ಕಚೇರಿಗೂ ಅನುಕೂಲ.

ಅಂಕಪಟ್ಟಿಯಲ್ಲಿ ಕಾಣದ ಗುಣಗಳೂ ಬೇಕು. ಒಳಗೆ ಹೋಗುವಾಗ ಮೊಬೈಲ್ ಹೊರಗಿಡಬೇಕು, ನೌಕರರನ್ನೂ ತಪಾಸಣೆ ಮಾಡುತ್ತಾರೆ. ಅದಕ್ಕೆ ಬೇಸರ ಪಡುವಂತಿಲ್ಲ. ಒಳಗೆ ಕಂಡ ಕಡತದ ವಿಷಯವನ್ನು ಓಣಿಯಲ್ಲಿ ಹೇಳುವಂತಿಲ್ಲ. ಕಾಗದ ಬೇಗ ಸಾಗಿಸಲು ಯಾರಾದರೂ ನೋಟು ಚಾಚಿದರೆ ಮುಟ್ಟುವಂತಿಲ್ಲ. ಇವತ್ತು ದುಡ್ಡಿದ್ದವರ ಕಾಗದ ಮೇಲೆ ಬಂದರೆ ದುಡ್ಡಿಲ್ಲದವರ ಕಾಗದ ತನ್ನಷ್ಟಕ್ಕೆ ಕೆಳಗೆ ಹೋಗುತ್ತದೆ.

ಕಚೇರಿ ಕೆಲಸ ಎಂದರೆ ಕುರ್ಚಿ ಬಿಸಿ ಮಾಡುವುದು ಎಂದು ಹಾಸ್ಯ ಮಾಡುವವರಿದ್ದಾರೆ. ಆಸಕ್ತಿ ಇರುವವರು ಈಗಿನಿಂದಲೇ ದಿನಾಂಕದ ಲೆಕ್ಕ, ಅರ್ಜಿ ಬರೆಯುವುದು, ಕನ್ನಡ ಟೈಪಿಂಗ್ ರೂಢಿ ಮಾಡಿಕೊಳ್ಳಿ. ಕಾನೂನು ಓದುವ ಮನಸ್ಸಿದ್ದರೆ ರಾಜ್ಯ ಕಾನೂನು ವಿಶ್ವವಿದ್ಯಾಲಯ ನಮ್ಮ ಹುಬ್ಬಳ್ಳಿಯಲ್ಲೇ ಇದೆ. ಈ ಕೆಲಸಕ್ಕೆ ಹೋಗದವರೂ ಒಂದು ಸಂಖ್ಯೆ ಬರೆದಿಟ್ಟುಕೊಳ್ಳಿ: 15100. ಇದು ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರದ ಉಚಿತ ಸಹಾಯವಾಣಿ. ಓಣಿಯಲ್ಲಿ ಯಾರ ಮನೆಯವರಾದರೂ ಜೈಲಿನಲ್ಲಿದ್ದು ವಕೀಲರನ್ನು ಇಡಲು ಆಗುತ್ತಿಲ್ಲ ಎಂದು ತಿಳಿದರೆ ಅವರಿಗೆ ಈ ಸಂಖ್ಯೆ ಕೊಡಿ. ಪ್ರಕರಣದ ಸಂಖ್ಯೆ, ಒಳಗೆ ಹೋದ ದಿನಾಂಕ ಎರಡನ್ನೂ ಒಂದು ಚೀಟಿಯಲ್ಲಿ ಸರಿಯಾಗಿ ಬರೆದುಕೊಡಿ.