ಕೊನೆಯ ಪಂಕ್ತಿಗೆ ಉಳಿದ ವಿಳಾಸಗಳು

ಮದುವೆಯ ಮನೆಯಲ್ಲಿ ಮೊದಲ ಪಂಕ್ತಿಯವರ ಎಲೆಯಲ್ಲಿ ಹೋಳಿಗೆ ಮಿಕ್ಕುಹೋಗುವುದೂ, ಕೊನೆಯ ಪಂಕ್ತಿಯವರು ಸಾರು ಅನ್ನಕ್ಕೇ ತೃಪ್ತರಾಗಿ ಏಳುವುದೂ ಹೊಸ ಸಂಗತಿಯಲ್ಲ. ಬಡಿಸುವವನಿಗೆ ಪಕ್ಷಪಾತವಿರಬೇಕೆಂದೇನೂ ಇಲ್ಲ. ಸೌಟಿನ ಅಳತೆ ತಪ್ಪಿದರೆ ಸಾಕು. ಇಂಟರ್‌ನೆಟ್ಟಿನ ವಿಳಾಸಗಳ ಹಂಚಿಕೆಯಲ್ಲಿ ನಡೆದುದೂ ಇದೇ.

ಅಂಚೆಯವನಿಗೆ ಮನೆಯ ಸಂಖ್ಯೆ ಬೇಕಾಗುವಂತೆ, ಇಂಟರ್‌ನೆಟ್ಟಿನಲ್ಲಿ ಸುದ್ದಿ ತಲುಪಬೇಕಾದರೆ ಯಂತ್ರಕ್ಕೊಂದು ಸಂಖ್ಯೆ ಬೇಕು. ಈ ಸಂಖ್ಯೆಗೆ ಸೊನ್ನೆ ಒಂದುಗಳ 32 ಸ್ಥಾನಗಳಿದ್ದರೆ ಸಾಕೆಂದು 1970ರ ದಶಕದಲ್ಲಿ ತೀರ್ಮಾನವಾಯಿತು. ಲೆಕ್ಕ ಹಾಕಿದರೆ ಸಿಗುವ ವಿಳಾಸಗಳು 429 ಕೋಟಿಗೂ ಮಿಗಿಲು. ಕೆಲವೇ ನೂರು ಯಂತ್ರಗಳಿದ್ದ ಆ ಕಾಲದಲ್ಲಿ ಅದು ಅಕ್ಷಯಪಾತ್ರೆಯಂತೆಯೇ ಕಂಡಿರಬೇಕು.

ಮೂರು ಅಳತೆಯ ಸೌಟುಗಳು

1981ರ ಸೆಪ್ಟೆಂಬರಿನಲ್ಲಿ ಪ್ರಕಟವಾದ ನಿಯಮಾವಳಿ ಈ ರಾಶಿಯನ್ನು ವರ್ಗಗಳಾಗಿ ವಿಂಗಡಿಸಿತು. ಅದರ ಸಂಪಾದಕನಾದ ಅಮೆರಿಕದ ಜಾನ್ ಪೋಸ್ಟೆಲ್, ಯಾರಿಗೆ ಯಾವ ಸಂಖ್ಯೆ ಎಂಬ ಲೆಕ್ಕವನ್ನೂ ಬಹುಕಾಲ ತಾನೇ ಇಟ್ಟುಕೊಂಡಿದ್ದ. ‘ಎ’ ವರ್ಗದ ಒಂದೊಂದು ಪಾಲಿನಲ್ಲಿ 1 ಕೋಟಿ 67 ಲಕ್ಷಕ್ಕೂ ಹೆಚ್ಚು ವಿಳಾಸಗಳು. ‘ಬಿ’ ವರ್ಗದ ಪಾಲಿನಲ್ಲಿ 65,536. ‘ಸಿ’ ವರ್ಗದ್ದರಲ್ಲಿ ಕೇವಲ 256. ಒಟ್ಟು ರಾಶಿಯ ಅರ್ಧವೆಲ್ಲ ‘ಎ’ ವರ್ಗಕ್ಕೇ ಮೀಸಲಾಯಿತು.

ತೊಡಕು ಇದ್ದುದು ಈ ಅಳತೆಯಲ್ಲಿಯೇ. ಎರಡು ಸಾವಿರ ಯಂತ್ರಗಳುಳ್ಳ ಕಾಲೇಜೊಂದಕ್ಕೆ 256 ಸಾಲದು. ‘ಬಿ’ ವರ್ಗದ ಪಾಲನ್ನು ಕೊಟ್ಟರೆ 63 ಸಾವಿರಕ್ಕೂ ಹೆಚ್ಚು ವಿಳಾಸಗಳು ದಂಡ. ಕೇಳಿದವರೆಲ್ಲ ‘ಬಿ’ಯನ್ನೇ ಕೇಳಿದರು. ಅದು ಬೇಗನೆ ತೀರಿಹೋಗುವ ಭೀತಿ ತಲೆದೋರಿದಾಗ, 1993ರಲ್ಲಿ ವರ್ಗಗಳ ಗೋಡೆಯನ್ನೇ ಕೆಡವಲಾಯಿತು. ಅಂದಿನಿಂದ 512, 1,024, 2,048 ಹೀಗೆ ಅಗತ್ಯಕ್ಕೆ ಹೊಂದುವ ತುಂಡುಗಳನ್ನು ಕತ್ತರಿಸಿ ಕೊಡುವುದು ಸಾಧ್ಯವಾಯಿತು.

ಸ್ವಂತ ಮನೆ, ಬಾಡಿಗೆ ಮನೆ

ಗಾತ್ರದ ವರ್ಗಗಳು ಅಳಿದರೂ ಹಕ್ಕಿನ ವರ್ಗಗಳು ಹುಟ್ಟಿಕೊಂಡವು. ಇಂದು ಐದು ಪ್ರಾದೇಶಿಕ ನೋಂದಣಿ ಸಂಸ್ಥೆಗಳು ಜಗತ್ತಿಗೆ ವಿಳಾಸಗಳನ್ನು ಒದಗಿಸುತ್ತವೆ. ಏಷ್ಯಾ ಪೆಸಿಫಿಕ್ ಪ್ರದೇಶದ ಸಂಸ್ಥೆ ‘ಎಪಿನಿಕ್’ ಆಸ್ಟ್ರೇಲಿಯದ ಬ್ರಿಸ್ಬೇನ್ ನಗರದಲ್ಲಿದೆ. ಸಂಪರ್ಕ ಒದಗಿಸುವ ಕಂಪನಿಗಳಿಗೆ ಮರುಹಂಚಿಕೆಗಾಗಿ ಕೊಡುವ ವಿಳಾಸಗಳದು ಒಂದು ವರ್ಗ. ಬಳಸುವವನ ಸ್ವಂತ ಉಪಯೋಗಕ್ಕೇ ಗೊತ್ತುಮಾಡುವುದು ಇನ್ನೊಂದು.

ಕಂಪನಿಯಿಂದ ಪಡೆದ ವಿಳಾಸ ಬಾಡಿಗೆಯ ಮನೆಯಿದ್ದಂತೆ. ಕಂಪನಿಯನ್ನು ಬದಲಿಸಿದರೆ ವಿಳಾಸವನ್ನೂ ಬಿಟ್ಟು, ಯಂತ್ರಗಳಿಗೆಲ್ಲ ಹೊಸ ಸಂಖ್ಯೆ ಬರೆಯಬೇಕು. ನೋಂದಣಿ ಸಂಸ್ಥೆಯಿಂದ ನೇರವಾಗಿ ಪಡೆದುದಾದರೆ ಹೋದಲ್ಲಿಗೆ ಒಯ್ಯಬಹುದು. ಹಾಗಾದರೆ ಎಲ್ಲರಿಗೂ ಒಯ್ಯುವ ಹಕ್ಕನ್ನೇ ಕೊಡಬಾರದೇಕೆ? ಬಿಡಿಬಿಡಿಯಾದ ಪ್ರತಿಯೊಂದು ತುಂಡಿನ ದಾರಿಯನ್ನೂ ಜಗತ್ತಿನ ದೊಡ್ಡ ಮಾರ್ಗದರ್ಶಕ ಯಂತ್ರಗಳು ನೆನಪಿಡಬೇಕಾಗುತ್ತದೆ. ಆ ಪಟ್ಟಿ ಬೆಳೆದಷ್ಟೂ ಹೊರೆ ಎಲ್ಲರ ಮೇಲೆ. ಒಬ್ಬನ ಅನುಕೂಲ ಊರಿಗೆಲ್ಲ ಖರ್ಚು ಎಂಬಂತಹ ಸ್ಥಿತಿ.

ಮೂರನೆಯದು, ನೋಂದಣಿ ಸಂಸ್ಥೆಗಳು ಹುಟ್ಟುವ ಮೊದಲೇ ಪಡೆದವರ ವರ್ಗ. ಅಮೆರಿಕದ ಎಂ.ಐ.ಟಿ. ವಿದ್ಯಾಸಂಸ್ಥೆಗೆ ಇಡೀ ‘ಎ’ ಪಾಲೊಂದು ದೊರೆತಿತ್ತು. ಅದರಲ್ಲಿ 1 ಕೋಟಿ 40 ಲಕ್ಷ ವಿಳಾಸಗಳು ಬಳಕೆಯಾಗಿಯೇ ಇಲ್ಲವೆಂದು 2017ರಲ್ಲಿ ಪ್ರಕಟಿಸಿ, ಒಂದು ಭಾಗವನ್ನು ಮಾರಲು ಅದು ಮುಂದಾಯಿತು. ಸ್ಟಾನ್‌ಫರ್ಡ್ ವಿಶ್ವವಿದ್ಯಾನಿಲಯವಾದರೋ ತನ್ನ ‘ಎ’ ಪಾಲನ್ನು 2000ದಲ್ಲಿಯೇ ಬಿಡಿಗಾಸಿಲ್ಲದೆ ಹಿಂದಿರುಗಿಸಿತ್ತು. 2011ರಲ್ಲಿ ದಿವಾಳಿಯೆದ್ದ ನಾರ್ಟೆಲ್ ಕಂಪನಿಯಿಂದ ಮೈಕ್ರೋಸಾಫ್ಟ್ 6,66,624 ವಿಳಾಸಗಳನ್ನು 75 ಲಕ್ಷ ಡಾಲರಿಗೆ ಕೊಂಡಿತು. ಪುಕ್ಕಟೆಯಾಗಿ ಬಂದುದಕ್ಕೆ ಪೇಟೆಯ ಬೆಲೆ ಬಂದುಬಿಟ್ಟಿತ್ತು!

ಕಣಜ ಬರಿದಾದ ದಿನ

2011ರ ಫೆಬ್ರವರಿ 3ರಂದು ಕೇಂದ್ರದ ಕಣಜದಲ್ಲಿ ಉಳಿದಿದ್ದ ಕೊನೆಯ ಐದು ಪಾಲುಗಳನ್ನು ಐದು ಸಂಸ್ಥೆಗಳಿಗೆ ಒಂದೊಂದರಂತೆ ಒಪ್ಪಿಸಲಾಯಿತು. ಅದೇ ವರ್ಷದ ಏಪ್ರಿಲ್ 15ರಂದು ಎಪಿನಿಕ್ ತನ್ನ ಕೊನೆಯ ಪಾಲಿಗೆ ಕೈಹಾಕಿತು. ಆ ಸ್ಥಿತಿಗೆ ಬಂದ ಮೊದಲ ಸಂಸ್ಥೆ ಅದೇ. ಭಾರತವೂ ಚೀನವೂ ಇರುವ ಪ್ರದೇಶವಲ್ಲವೇ? ಅಲ್ಲಿಂದ ಮುಂದೆ ಯಾರೇ ಬರಲಿ, ಆ ಪಾಲಿನಿಂದ 1,024ಕ್ಕಿಂತ ಹೆಚ್ಚು ವಿಳಾಸಗಳಿಲ್ಲ ಎಂದು ಕಟ್ಟುಮಾಡಿತು. 2019ರಲ್ಲಿ ಆ ಮಿತಿ 512ಕ್ಕೆ ಇಳಿಯಿತು.

ಸಣ್ಣ ಊರಿನಲ್ಲಿ ಸಂಪರ್ಕ ಒದಗಿಸಲು ಹೊರಟವನು ಸಾವಿರಾರು ಮನೆಗಳಿಗೆ ಈ 512ನ್ನೇ ಹೊಂದಿಸಬೇಕು. 1996ರಲ್ಲಿ ‘ಖಾಸಗಿ’ ಎಂದು ಗೊತ್ತುಮಾಡಿದ ವರ್ಗದ ಸಂಖ್ಯೆಗಳನ್ನು ಒಳಗೆ ಬಳಸಿ, ಅನೇಕ ಮನೆಗಳನ್ನು ಒಂದೇ ಹೊರವಿಳಾಸದ ಹಿಂದೆ ನಿಲ್ಲಿಸುವುದೇ ಉಪಾಯ. ಆದರೆ ಒಬ್ಬನ ಕಿಡಿಗೇಡಿತನಕ್ಕಾಗಿ ಆ ವಿಳಾಸವನ್ನು ಯಾರಾದರೂ ತಡೆಹಿಡಿದರೆ, ಅದರ ಹಿಂದಿರುವ ನಿರಪರಾಧಿಗಳಿಗೂ ಬಾಗಿಲು ಮುಚ್ಚುತ್ತದೆ.

ಹೊಸ ಕಣಜ, ಹಳೆಯ ಪಾಠ

ಇದಕ್ಕೆ ಪರಿಹಾರವೆಂದು 128 ಸ್ಥಾನಗಳ ಆರನೆಯ ಆವೃತ್ತಿಯನ್ನು 1990ರ ದಶಕದಲ್ಲಿಯೇ ರೂಪಿಸಲಾಯಿತು. ಅದರ ವಿಳಾಸಗಳನ್ನು ಎಣಿಸಲು 39 ಅಂಕಿಗಳ ಸಂಖ್ಯೆ ಬೇಕು. ಭಾರತದ ಬಳಕೆದಾರರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಈಗಾಗಲೇ ಅದರತ್ತ ಹೊರಳಿದ್ದಾರೆ. ಆದರೂ ಹಳೆಯ ವಿಳಾಸವನ್ನೇ ಬಲ್ಲ ಯಂತ್ರಗಳು ಲೋಕದಲ್ಲಿ ಇರುವವರೆಗೆ, ಹಳೆಯದರ ಹಂಗು ಪೂರ್ತಿಯಾಗಿ ತಪ್ಪುವಂತಿಲ್ಲ.

ಈ ಸಮೃದ್ಧಿಯಲ್ಲಿಯೂ ನಿಯಮ ರೂಪಿಸುವವರು ಕೈ ಬಿಗಿಹಿಡಿದಿದ್ದಾರೆ. ಸಾಮಾನ್ಯ ಬಳಕೆಗೆ ತೆರೆದಿರುವುದು ರಾಶಿಯ ಎಂಟನೆಯ ಒಂದು ಭಾಗ ಮಾತ್ರ. ದೊಡ್ಡ ಸಂಸ್ಥೆಗೂ ಪುಟ್ಟ ಮನೆಗೂ ಸಾಮಾನ್ಯವಾಗಿ ಒಂದೇ ಗಾತ್ರದ ಪಾಲಿರಲಿ ಎಂದು 2001ರಲ್ಲಿ ನೀಡಿದ ಸಲಹೆಯನ್ನು 2011ರಲ್ಲಿ ಸಡಿಲಿಸಲಾಯಿತು. ಉಗ್ರಾಣ ತುಂಬಿರುವಾಗ ಸೌಟಿನ ಅಳತೆಯನ್ನು ಯಾರೂ ಕೇಳುವುದಿಲ್ಲ; ಆದರೆ ಕೊನೆಯ ಪಂಕ್ತಿಯ ಊಟ ನಿಶ್ಚಯವಾಗುವುದು ಆಗಲೇ.