ಭತ್ತವೂ ಮೀನೂ ಬೆಳೆಯುವಲ್ಲಿ

ದೇವಬಾಗದ ಗಾಳಿಮರಗಳ ಕೆಳಗೆ ನಿಂತರೆ ಕಾಳಿ ಹೊಳೆ ಕಡಲು ಸೇರುವುದು ಕಾಣುತ್ತದೆ. 1883ರಲ್ಲಿ ಇದೇ ಕಾರವಾರದಲ್ಲಿ, ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣನ ಮನೆಯಲ್ಲಿ ತಂಗಿದ್ದ ತರುಣ ರವೀಂದ್ರನಾಥ ಟ್ಯಾಗೋರರು ಒಂದು ನಾಟಕ ಬರೆದರು. ಲೋಕ ತೊರೆದ ಸಂನ್ಯಾಸಿಯನ್ನು ಅನಾಥ ಬಾಲೆಯೊಬ್ಬಳ ಪ್ರೀತಿ ಮತ್ತೆ ಮನುಷ್ಯರ ನಡುವೆ ಕರೆತರುವ ಕತೆ ಅದು.

ಆ ಸಂನ್ಯಾಸಿ ತಡವಾಗಿ ಕಲಿತದ್ದನ್ನು ನಮ್ಮ ಜಿಲ್ಲೆಯ ಕವಿ ದಿನಕರ ದೇಸಾಯಿಯವರು ಮೊದಲಿನಿಂದಲೇ ಬದುಕಿದರು. 1909ರಲ್ಲಿ ಹುಟ್ಟಿದ ಅವರು ಗೋಖಲೆಯವರ ಭಾರತ ಸೇವಕ ಸಮಾಜ ಸೇರಿ, ಮುಂಬಯಿಯಲ್ಲಿ ಹಡಗಿನ ಕೆಲಸಗಾರರಿಗಾಗಿ ದುಡಿದರು. ಊರಲ್ಲಿ ಗೇಣಿ ರೈತರ ಪರ ನಿಂತದ್ದಕ್ಕೆ ಬ್ರಿಟಿಷ್ ಸರ್ಕಾರ ಅವರನ್ನು ಜಿಲ್ಲೆಯಿಂದಲೇ ಗಡೀಪಾರು ಮಾಡಿತು. 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಹಳ್ಳಿಗಳಲ್ಲಿ ಶಾಲೆ ತೆರೆದರು. 1966ರಲ್ಲಿ ಅಂಕೋಲೆಗೆ ಕಾಲೇಜು ಬಂತು. ಮರುವರ್ಷ ಜನ ಅವರನ್ನು ಪಕ್ಷೇತರರಾಗಿಯೇ ಲೋಕಸಭೆಗೆ ಕಳಿಸಿದರು. ಶಾಲೆ ಮೊದಲು, ಓಟು ಆಮೇಲೆ: ಈ ಕ್ರಮದಲ್ಲೇ ಅವರ ಪ್ರಜಾಪ್ರಭುತ್ವದ ತಿಳಿವಳಿಕೆ ಇದೆ.

ಲೋಕಸಭೆ ಕಂಡು ಬಂದ ಮೇಲೂ, ವಯಸ್ಸು ಮಾಗಿದ ಮೇಲೂ, ಅವರನ್ನು ಕೈಬಿಡದೆ ಉಳಿದದ್ದು ಚೌಪದಿ ಎಂಬ ಚುಟುಕ. ನಾಲ್ಕೇ ಸಾಲು, ಕಿವಿಗೆ ಹಿಡಿಸುವ ಪ್ರಾಸ, ಕೊನೆಯಲ್ಲೊಂದು ಕುಟುಕು. ಪುಸ್ತಕ ಕೊಳ್ಳಲಾಗದವನೂ ಅದನ್ನು ನೆನಪಿನಲ್ಲಿ ಕಟ್ಟಿಕೊಂಡು ಹೋಗಬಹುದು. ಬಸ್ಸಿಗೆ ಕಾಯುತ್ತಲೋ ಚಹಾ ಕುಡಿಯುತ್ತಲೋ ಪಕ್ಕದವನಿಗೆ ದಾಟಿಸಬಹುದು. ಓಟು ಹಾಕುವುದು ಐದು ವರ್ಷಕ್ಕೊಮ್ಮೆ. ಆಳುವವರನ್ನು ಕೇಳುವ ಮಾತು ಜನರ ಬಾಯಲ್ಲಿ ದಿನವೂ ಇರಬೇಕು. ಆ ಮಾತನ್ನು ಒದಗಿಸುವುದೇ ಕವಿಯ ಕೆಲಸವೆಂದು ಅವರ ಚುಟುಕಗಳನ್ನು ಓದುವಾಗಲೆಲ್ಲ ನನಗೆ ಅನಿಸುತ್ತದೆ.

ಸಾವನ್ನು ಕುರಿತೂ ಅವರು ಹೀಗೇ ಸರಳವಾಗಿ ಬರೆದರು. ತನ್ನ ಚಿತೆಯ ಬೂದಿ ಭತ್ತದ ಗದ್ದೆಗೆ ಗೊಬ್ಬರವಾಗಲಿ, ಹೊಳೆಯ ಮೀನಿಗೆ ಆಹಾರವಾಗಲಿ ಎಂದು ಹಾರೈಸುವ ಆ ಕವಿತೆ ಕನ್ನಡಿಗರ ಮನದಲ್ಲಿ ನಿಂತಿದೆ. ಹೊರಗಿನವರಿಗೆ ಅದು ಸುಂದರ ಕಲ್ಪನೆ. ನಮ್ಮ ಕರಾವಳಿಯವರಿಗೆ ಅದು ಗಜನಿ ಗದ್ದೆ. ಮಳೆಗಾಲದ ಸಿಹಿನೀರಿನಲ್ಲಿ ಅಲ್ಲಿ ಭತ್ತ. ಕೊಯ್ಲಾದ ಮೇಲೆ ಉಪ್ಪುನೀರು ಒಳಬಿಟ್ಟರೆ ಅದೇ ಮಣ್ಣಿನಲ್ಲಿ ಮೀನು, ಸಿಗಡಿ. ಭತ್ತದ ಕೂಳೆ ಕೊಳೆತು ಮೀನಿಗೆ ಮೇವಾಗುತ್ತದೆ. ಮೀನಿದ್ದ ನೆಲ ಮುಂದಿನ ಭತ್ತವನ್ನು ಸಾಕುತ್ತದೆ.

ದೇಸಾಯಿಯವರು ತೀರಿಕೊಂಡದ್ದು 1982ರ ನವೆಂಬರ್ 6ರಂದು. ಗಜನಿಯಲ್ಲಿ ಭತ್ತ ಮನೆ ಸೇರಿ, ಮೀನು ಒಳಬರುವ ಕಾಲ ಅದು.