ಒಂದೇ ದಿನ, ಮೂರು ರಾಜೀನಾಮೆ

1976ನೆಯ ಇಸವಿ ಫೆಬ್ರವರಿ 2, ಸೋಮವಾರ. ಅಮೆರಿಕೆಯ ಕ್ಯಾಲಿಫೋರ್ನಿಯಾ ಸಂಸ್ಥಾನದ ಸ್ಯಾನ್ ಹೋಸೆ ಪಟ್ಟಣದಲ್ಲಿದ್ದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಅಣುಶಕ್ತಿ ವಿಭಾಗದಲ್ಲಿ ಅಂದು ಮೂವರು ಅಧಿಕಾರಿಗಳು ತಮ್ಮ ಮೇಲಧಿಕಾರಿಗಳಿಗೆ ಒಂದೊಂದು ಪತ್ರವನ್ನು ಕೊಟ್ಟರು. ಡೇಲ್ ಬ್ರೈಡನ್‌ಬಾ, ರಿಚರ್ಡ್ ಹಬ್ಬರ್ಡ್, ಗ್ರೆಗರಿ ಮೈನರ್ ಎಂಬುದು ಅವರ ಹೆಸರು. ಮೂವರೂ ಇಂಜಿನಿಯರುಗಳು, ಮೂವರೂ ಹೆಂಡತಿ ಮಕ್ಕಳುಳ್ಳ ಸಂಸಾರಿಗಳು. ಅವರ ಸೇವಾವಧಿಯನ್ನು ಒಟ್ಟುಗೂಡಿಸಿದರೆ ಐವತ್ತು ವರ್ಷಗಳನ್ನು ಮೀರುತ್ತಿತ್ತು. ಪತ್ರಗಳ ಒಕ್ಕಣೆ ಬೇರೆ ಬೇರೆಯಾಗಿದ್ದರೂ ತಾತ್ಪರ್ಯ ಒಂದೇ: ತಾವು ಮಾಡುತ್ತಿರುವ ಕೆಲಸವು ಮನುಷ್ಯಕುಲಕ್ಕೆ ಹಿತವಾದುದೆಂಬ ನಂಬಿಕೆ ತಮ್ಮಲ್ಲಿ ಉಳಿದಿಲ್ಲ, ಆದುದರಿಂದ ಬಿಡುಗಡೆ ಬೇಕು.

ಸಂಬಳ ಸಾಲದೆಂದೋ, ಬಡ್ತಿ ತಪ್ಪಿತೆಂದೋ ಕೆಲಸ ಬಿಡುವವರನ್ನು ಯಾವ ಕಂಪನಿಯಾದರೂ ಬಲ್ಲದು. ಅಂಥವರನ್ನು ಉಳಿಸಿಕೊಳ್ಳುವ ಉಪಾಯವನ್ನೂ ಬಲ್ಲದು. ಆದರೆ ಒಳ್ಳೆಯ ಹುದ್ದೆ, ಒಳ್ಳೆಯ ಸಂಬಳ, ಮುಂದೆ ಬರಬೇಕಾದ ನಿವೃತ್ತಿವೇತನ ಎಲ್ಲವೂ ಕೈಯಲ್ಲಿರುವಾಗ, ಬೇರೊಂದು ನೌಕರಿಯನ್ನು ಗೊತ್ತುಮಾಡಿಕೊಳ್ಳದೆ, ಮೂವರು ಒಂದೇ ದಿನ ಎದ್ದು ಹೊರಟರೆ ಅವರಿಗೆ ಏನೆಂದು ಹೇಳಬೇಕು? ಈ ಸುದ್ದಿ ಮರುದಿನವೇ ಪತ್ರಿಕೆಗಳಿಗೆ ಬಂದು ದೇಶವೆಲ್ಲ ಹಬ್ಬಿದುದರಲ್ಲಿ ಆಶ್ಚರ್ಯವಿಲ್ಲ.

ಇವರು ಅಣುಶಕ್ತಿಯ ವಿರೋಧಿಗಳಾಗಿ ಬೆಳೆದವರಲ್ಲವೆಂಬುದನ್ನು ಮೊದಲು ನೆನಪಿಡಬೇಕು. 1953ರ ಡಿಸೆಂಬರಿನಲ್ಲಿ ಅಧ್ಯಕ್ಷ ಐಸೆನ್‌ಹೋವರ್ ವಿಶ್ವಸಂಸ್ಥೆಯಲ್ಲಿ ನಿಂತು, ನಗರಗಳನ್ನು ಸುಟ್ಟ ಅಣುವನ್ನು ಶಾಂತಿಯ ಸೇವೆಗೆ ತೊಡಗಿಸೋಣವೆಂದು ಸಾರಿದ ಕಾಲದ ತರುಣರು ಅವರು. ಹಿರೋಷಿಮಾದ ಪಾಪಕ್ಕೆ ಪ್ರಾಯಶ್ಚಿತ್ತವೆಂಬಂತೆ ಮನೆಮನೆಗೂ ದೀಪ ಕೊಡುವ ಕೆಲಸವದು ಎಂಬ ಉತ್ಸಾಹ ಆ ತಲೆಮಾರಿನ ಇಂಜಿನಿಯರುಗಳಲ್ಲಿ ತುಂಬಿತ್ತು. ಆ ಉತ್ಸಾಹದ ಒಂದು ಫಲವು ನಮ್ಮ ದೇಶಕ್ಕೂ ಬಂದಿದೆ. 1969ರಲ್ಲಿ ಮಹಾರಾಷ್ಟ್ರದ ತಾರಾಪುರದಲ್ಲಿ ಆರಂಭವಾದ ಮೊದಲ ಎರಡು ಸ್ಥಾವರಗಳು ಇದೇ ಕಂಪನಿಯ ಕೊಡುಗೆ.

ಮೂವರಲ್ಲಿ ಹಬ್ಬರ್ಡನ ಹೊಣೆ, ಸ್ಥಾವರವನ್ನು ಹತೋಟಿಯಲ್ಲಿಡುವ ಉಪಕರಣಗಳ ಗುಣಮಟ್ಟವನ್ನು ನೋಡಿಕೊಳ್ಳುವುದು. ಮೈನರನದು ಅಂಥ ಹತೋಟಿಯ ವ್ಯವಸ್ಥೆಗಳ ವಿನ್ಯಾಸ. ಬ್ರೈಡನ್‌ಬಾ ವಹಿಸಿಕೊಂಡಿದ್ದ ಕೆಲಸ ಮಾತ್ರ ಸ್ವಲ್ಪ ವಿವರಿಸಿ ಹೇಳತಕ್ಕದ್ದು. ಏಕೆಂದರೆ ಕಥೆಯ ಮುಳ್ಳು ಇರುವುದು ಅಲ್ಲಿ.

ಜನರಲ್ ಎಲೆಕ್ಟ್ರಿಕ್ಕಿನ ಸ್ಥಾವರಗಳಲ್ಲಿ ಅಣುವಿಭಜನೆಯ ಶಾಖದಿಂದ ನೀರು ಕುದಿದು, ಆ ಹಬೆಯೇ ನೇರವಾಗಿ ಟರ್ಬೈನನ್ನು ತಿರುಗಿಸುತ್ತದೆ. ಎಲ್ಲಿಯಾದರೂ ದೊಡ್ಡ ಕೊಳವೆಯೊಂದು ಒಡೆದರೆ ಭಯಂಕರ ಒತ್ತಡದ ಹಬೆ ಹೊರನುಗ್ಗುವುದಷ್ಟೆ. ಅದನ್ನು ಹಿಡಿದಿಡಲು ಒಂದು ಭದ್ರವಾದ ಕವಚ ಬೇಕು. ಬೃಹದಾಕಾರದ ಗುಮ್ಮಟವನ್ನು ಕಟ್ಟುವುದು ಒಂದು ಮಾರ್ಗ. ಆದರೆ ಖರ್ಚು ಹೆಚ್ಚು. ‘ಮಾರ್ಕ್ ಒಂದು’ ಎಂದು ಹೆಸರಾದ ವಿನ್ಯಾಸದಲ್ಲಿ ಬೇರೊಂದು ಜಾಣತನವನ್ನು ಮಾಡಿದ್ದರು. ತಲೆಕೆಳಗಾದ ವಿದ್ಯುದ್ದೀಪದ ಬುರುಡೆಯಂಥ ಉಕ್ಕಿನ ಕವಚ. ಅದರ ಬುಡದ ಸುತ್ತ ಉದ್ದಿನವಡೆಯ ಆಕಾರದ, ಅರ್ಧದಷ್ಟು ನೀರು ತುಂಬಿದ ಭಾರಿ ಕೊಳವೆ. ಒಡೆದ ಜಾಗದಿಂದ ಹೊರಟ ಹಬೆಯು ಈ ನೀರಿನೊಳಗೆ ಇಳಿದು ತಣಿದು ತಾನೂ ನೀರಾಗಿಬಿಡಬೇಕು. ಹಾಗಾದರೆ ಕವಚ ಚಿಕ್ಕದಾದರೂ ಸಾಕು, ಅಗ್ಗದಲ್ಲೂ ಮುಗಿಯುತ್ತದೆ.

ಕಾಫಿ ಹೋಟೆಲಿನಲ್ಲಿ ಹಬೆಯ ನಳಿಕೆಯನ್ನು ಹಾಲಿನ ಪಾತ್ರೆಗೆ ಇಳಿಸಿದಾಗ ಪಾತ್ರೆ ಗಡಗಡನೆ ನಡುಗುವುದನ್ನು ಎಲ್ಲರೂ ಕಂಡಿದ್ದಾರೆ. ಸ್ಥಾವರದಲ್ಲಿ ಆಗುವುದೂ ಅದೇ ಜಾತಿಯ ವ್ಯಾಪಾರ. ಪ್ರಮಾಣ ಮಾತ್ರ ಊಹೆಗೆ ಮೀರಿದ್ದು. ಮೊದಲು ಕವಚದೊಳಗಿನ ಗಾಳಿಯೆಲ್ಲ ನೀರಿಗೆ ನುಗ್ಗಿ ಪ್ರಚಂಡವಾದ ಗುಳ್ಳೆಯಾಗಿ ನೀರನ್ನು ಮೇಲಕ್ಕೆತ್ತಿ ಅಪ್ಪಳಿಸುತ್ತದೆ. ಬಳಿಕ ಹಬೆ ತಣಿಯುವ ಕಾಲದ ಅದುರಾಟ. ವಿನ್ಯಾಸ ಮಾಡಿದಾಗ ಈ ಹೊಡೆತಗಳನ್ನು ಸರಿಯಾಗಿ ಲೆಕ್ಕಕ್ಕೆ ಹಿಡಿದಿರಲಿಲ್ಲವೆಂಬುದು ಹೊಸ ಮಾದರಿಯೊಂದಕ್ಕಾಗಿ ನಡೆಸಿದ ಪ್ರಯೋಗಗಳಿಂದ 1975ರ ಹೊತ್ತಿಗೆ ತಿಳಿದುಬಂತು. ಅಷ್ಟರಲ್ಲಿ ಹಳೆಯ ಮಾದರಿಯ ಸ್ಥಾವರಗಳು ಹಲವು ಊರುಗಳಲ್ಲಿ ಓಡುತ್ತಿದ್ದವು. ಅವುಗಳ ಮರುಪರಿಶೀಲನೆಯ ಹೊಣೆ ಬ್ರೈಡನ್‌ಬಾನ ಮೇಲೆ ಬಿತ್ತು.

ಲೆಕ್ಕ ಮುಗಿಯುವ ತನಕ ಈ ಸ್ಥಾವರಗಳನ್ನು ನಿಲ್ಲಿಸುವುದೇ ನ್ಯಾಯವೆಂದು ಅವನಿಗೆ ತೋರಿತು. ಕಂಪನಿಗೂ, ಸ್ಥಾವರಗಳ ಒಡೆತನವುಳ್ಳ ವಿದ್ಯುತ್ ಸಂಸ್ಥೆಗಳಿಗೂ ಹಾಗೆ ತೋರಲಿಲ್ಲ. ಓಡುತ್ತಿರುವಾಗಲೇ ಪರೀಕ್ಷಿಸೋಣ, ಕುಂದಿದ್ದರೆ ತಿದ್ದೋಣ; ಒಮ್ಮೆ ನಿಲ್ಲಿಸಿದರೆ ಈ ಉದ್ಯಮವೇ ಮುಳುಗೀತು ಎಂಬುದು ಅವರ ಎಣಿಕೆ. ಅದನ್ನು ಕೇವಲ ದುರಾಸೆಯೆಂದು ತಳ್ಳಿಹಾಕುವುದು ಸುಲಭ, ಆದರೆ ಸರಿಯಲ್ಲ. ಅದೇ ಕಾರ್ಯಾಲಯದಲ್ಲಿ ಅದೇ ಲೆಕ್ಕಗಳನ್ನು ನೋಡಿಯೂ ಅಪಾಯ ಅಷ್ಟಿಲ್ಲವೆಂದು ಪ್ರಾಮಾಣಿಕವಾಗಿ ನಂಬಿದ ಇಂಜಿನಿಯರುಗಳು ಅನೇಕರಿದ್ದರು. ಒಳಗೇ ಉಳಿದು ಮುಂದಿನ ವರ್ಷಗಳಲ್ಲಿ ಕವಚಗಳನ್ನು ಬಲಪಡಿಸಿದವರೂ ಅವರೇ.

1975ರ ಮಾರ್ಚ್ 22ರಂದು ನಡೆದ ಇನ್ನೊಂದು ಘಟನೆ ಇಂಥ ಸಂದೇಹಗಳಿಗೆ ಗಾಳಿ ಹಾಕಿತು. ಅಲಬಾಮ ಸಂಸ್ಥಾನದ ಬ್ರೌನ್ಸ್ ಫೆರಿ ಸ್ಥಾವರದಲ್ಲಿ, ಗೋಡೆಯ ಸಂದಿಯಲ್ಲಿ ಗಾಳಿ ಸೋರುತ್ತದೆಯೇ ಎಂದು ಕೆಲಸಗಾರನೊಬ್ಬನು ಮೇಣದಬತ್ತಿಯನ್ನು ಹಿಡಿದು ನೋಡುತ್ತಿದ್ದಾಗ ಅಲ್ಲಿದ್ದ ನೊರೆಯಂಥ ಪದಾರ್ಥಕ್ಕೆ ಬೆಂಕಿ ತಾಗಿತು. ಸುಮಾರು ಏಳು ಗಂಟೆಗಳ ಕಾಲ ಉರಿದ ಆ ಬೆಂಕಿ 1600ಕ್ಕೂ ಹೆಚ್ಚು ವಿದ್ಯುತ್ ತಂತಿಗಳನ್ನು ಕೆಡಿಸಿ, ಸುರಕ್ಷತೆಯ ಹಲವು ಸಾಧನಗಳನ್ನು ಏಕಕಾಲದಲ್ಲಿ ನಿಷ್ಕ್ರಿಯಗೊಳಿಸಿತು. ಒಂದು ಕೆಟ್ಟರೆ ಇನ್ನೊಂದು ಕಾಪಾಡುತ್ತದೆಂದು ಕಾಗದದ ಮೇಲೆ ಬರೆದ ಭರವಸೆ ಒಂದು ಮೇಣದಬತ್ತಿಯ ಮುಂದೆ ನಿಲ್ಲಲಿಲ್ಲ.

ಮೂವರ ನಿರ್ಧಾರ ಕೇವಲ ತಾಂತ್ರಿಕವಾದುದಲ್ಲ. ಅವರೂ ಅವರ ಪತ್ನಿಯರೂ ಪಾಲೋ ಆಲ್ಟೋ ಪಟ್ಟಣದ ‘ಕ್ರಿಯೇಟಿವ್ ಇನಿಷಿಯೇಟಿವ್’ ಎಂಬ ಸಂಘದಲ್ಲಿ ಸೇರಿದ್ದರು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಕಾನೂನಿನ ಪ್ರಾಧ್ಯಾಪಕನಾಗಿದ್ದ ಹ್ಯಾರಿ ರಾತ್‌ಬನ್ ಮತ್ತು ಅವನ ಪತ್ನಿ ಎಮಿಲಿಯಾ ಬೆಳೆಸಿದ ಸಂಘವದು. ನಂಬುವುದಕ್ಕೂ ಬದುಕುವುದಕ್ಕೂ ನಡುವೆ ಅಂತರವಿರಬಾರದೆಂಬುದು ಅಲ್ಲಿನ ಉಪದೇಶ. ವಿರೋಧಿಗಳು ಇದನ್ನೇ ಹಿಡಿದು, ಇದು ಇಂಜಿನಿಯರುಗಳ ತೀರ್ಮಾನವಲ್ಲ, ಭಾವುಕರ ಆವೇಶವೆಂದು ಆಡಿಕೊಂಡರು. ಲೆಕ್ಕದ ಪುಸ್ತಕದಿಂದ ಹುಟ್ಟಿದ ಸಂದೇಹಕ್ಕೆ ಹೊರಡುವ ಧೈರ್ಯವನ್ನು ಬೇರೆಡೆಯಿಂದ ತಂದುಕೊಂಡರೆ ಸಂದೇಹವೇ ಸುಳ್ಳಾಗುವುದೆ? ಸಂಜೆ ಮನೆಗೆ ಬಂದಾಗ ಊಟದ ಮೇಜಿನ ಬಳಿ ಹೆಂಡತಿ ಮಕ್ಕಳು ಕೇಳುವ ಪ್ರಶ್ನೆಗೆ ಕಚೇರಿಯ ಉತ್ತರ ಸಾಲದೆಹೋಗುವುದೂ ಒಂದು ಬಗೆಯ ಸಾಕ್ಷ್ಯವೇ. ಅಣುಸ್ಥಾವರವೂ ಅಣ್ವಸ್ತ್ರವೂ ಭೂಮಿಯ ಮೇಲಿನ ಜೀವಸಂಕುಲದ ಭವಿಷ್ಯಕ್ಕೆ ಗಂಡಾಂತರವಾಗಿವೆಯೆಂಬ ಆಳವಾದ ನಂಬಿಕೆಯೇ ತಾನು ಹೊರಡುವುದಕ್ಕೆ ಕಾರಣವೆಂದು ಮೈನರ್ ತನ್ನ ಪತ್ರದಲ್ಲಿ ಮುಚ್ಚುಮರೆಯಿಲ್ಲದೆ ಬರೆದಿದ್ದನು.

ಹದಿನಾರು ದಿನಗಳ ನಂತರ, ಫೆಬ್ರವರಿ 18ರಂದು, ಮೂವರೂ ವಾಷಿಂಗ್ಟನ್ನಿನಲ್ಲಿ ಅಮೆರಿಕೆಯ ಸಂಸತ್ತಿನ ಅಣುಶಕ್ತಿಯ ಜಂಟಿ ಸಮಿತಿಯ ಮುಂದೆ ತಮಗೆ ತಿಳಿದಿದ್ದ ದೋಷಗಳನ್ನು ಒಂದೊಂದಾಗಿ ನಿವೇದಿಸಿದರು. ಅದೇ ತಿಂಗಳು ಸರಕಾರದ ಅಣುನಿಯಂತ್ರಣ ಮಂಡಲಿಯ ರಾಬರ್ಟ್ ಪೊಲಾರ್ಡ್ ಎಂಬ ಇಂಜಿನಿಯರನೂ ಇಂಥ ಕಾರಣಗಳಿಗಾಗಿಯೇ ಕೆಲಸ ಬಿಟ್ಟದ್ದರಿಂದ ಮಾತಿಗೆ ಬಲ ಬಂತು.

ಬಲ ಬಂದರೂ ಗೆಲುವು ಬರಲಿಲ್ಲ. ಹೊಸ ಸ್ಥಾವರಗಳಿಗೆ ಕಟ್ಟುನಿಟ್ಟಾದ ಷರತ್ತುಗಳನ್ನು ವಿಧಿಸುವ ಪ್ರಸ್ತಾಪವೊಂದು ಆ ವರ್ಷದ ಜೂನ್ 8ರಂದು ಕ್ಯಾಲಿಫೋರ್ನಿಯಾದಲ್ಲಿ ಜನಮತಕ್ಕೆ ಬಂದಿತು. ಸಂಬಳವಿಲ್ಲದ ಮೂವರೂ ಅದರ ಪರವಾಗಿ ಪ್ರಚಾರ ಮಾಡಿದರು. ಮೂರರಲ್ಲಿ ಎರಡು ಪಾಲು ಮತದಾರರು ಅದನ್ನು ತಿರಸ್ಕರಿಸಿದರು. ಆದರೆ ಕೆಲವೇ ದಿನಗಳ ಮೊದಲು, ಪ್ರಸ್ತಾಪದ ಕಾವು ತಟ್ಟಿದ್ದ ಆ ಸಂಸ್ಥಾನದ ಶಾಸನಸಭೆ, ಅಣುತ್ಯಾಜ್ಯದ ವಿಲೇವಾರಿಗೆ ಒಪ್ಪಿತವಾದ ದಾರಿ ದೊರೆಯುವ ತನಕ ಹೊಸ ಸ್ಥಾವರ ಕೂಡದೆಂದು ಕಾಯಿದೆ ಮಾಡಿಬಿಟ್ಟಿತ್ತು.

ಅನಂತರದ ಜೀವನೋಪಾಯ? ಮೂವರೂ ತಮ್ಮ ಹೆಸರುಗಳ ಮೊದಲ ಅಕ್ಷರಗಳನ್ನು ಸೇರಿಸಿ ‘ಎಂ.ಎಚ್.ಬಿ.’ ಎಂಬ ಸಲಹಾಸಂಸ್ಥೆಯನ್ನು ಅದೇ ವರ್ಷ ತೆರೆದರು. ಸ್ಥಾವರಗಳ ಸುರಕ್ಷತೆಯ ವಿಷಯದಲ್ಲಿ ಸರಕಾರಗಳು ಅವರಿಂದ ಸಲಹೆ ಪಡೆದವು. ಹಾಲಿವುಡ್ಡಿನವರೂ ಪಡೆದರು. ಅವರ ನೆರವಿನಿಂದ ತಯಾರಾದ ‘ದಿ ಚೈನಾ ಸಿಂಡ್ರೋಮ್’ ಚಲನಚಿತ್ರ 1979ರ ಮಾರ್ಚ್ 16ರಂದು ತೆರೆಕಂಡಿತು. ಇಂಥದೆಲ್ಲ ಕಥೆಗಾರರ ಕಲ್ಪನೆಯೆಂದು ಉದ್ಯಮದವರು ಮೂಗು ಮುರಿಯುತ್ತಿರುವಾಗಲೇ, ಹನ್ನೆರಡನೆಯ ದಿನ, ಪೆನ್ಸಿಲ್ವೇನಿಯದ ತ್ರೀ ಮೈಲ್ ಐಲೆಂಡ್ ಸ್ಥಾವರದಲ್ಲಿ ಇಂಧನ ಕರಗಿತು. ಅದು ಜನರಲ್ ಎಲೆಕ್ಟ್ರಿಕ್ಕಿನ ಸ್ಥಾವರವಲ್ಲ, ಬೇರೆ ಮಾದರಿಯದು; ಆದರೆ ಜನರಿಗೆ ಆ ಭೇದ ಯಾರು ಹೇಳಬೇಕು?

ಗ್ರೆಗರಿ ಮೈನರ್ 1999ರಲ್ಲಿ ತೀರಿಕೊಂಡನು. 2011ರ ಮಾರ್ಚ್ 11ರಂದು ಜಪಾನಿನ ಫುಕುಶಿಮಾ ದಾಯಿಚಿಯ ಮೇಲೆ ಸಮುದ್ರ ಉಕ್ಕಿಬಂದಾಗ ಅಲ್ಲಿದ್ದ ಆರು ಸ್ಥಾವರಗಳಲ್ಲಿ ಐದರ ಕವಚ ‘ಮಾರ್ಕ್ ಒಂದು’ ಮಾದರಿಯದು. ವಿದ್ಯುತ್ತಿಲ್ಲದೆ ಪಂಪುಗಳು ನಿಂತು ಮೂರು ಸ್ಥಾವರಗಳ ಇಂಧನ ಕರಗಿತು. ಮೂವತ್ತೈದು ವರ್ಷಗಳ ಹಿಂದಿನ ಕಾಗದಗಳನ್ನು ನೆನೆದು ಪತ್ರಿಕೆಯವರು ಬ್ರೈಡನ್‌ಬಾನನ್ನು ಹುಡುಕಿಕೊಂಡು ಹೋದರು. ತಾನು ಅಂದೇ ಹೇಳಿದ್ದೆನೆಂದು ಅವನು ಎದೆ ತಟ್ಟಿಕೊಳ್ಳಲಿಲ್ಲ. ತಾನು ಕಂಡಿದ್ದ ದೋಷಗಳಲ್ಲಿ ಹಲವನ್ನು ತಿದ್ದಲಾಗಿದೆಯೆಂದು ಒಪ್ಪಿದನು. ಆದರೂ ಭಾರಿ ಅಪಘಾತವಾದರೆ ಈ ಕವಚ ಕೈಕೊಡುವ ಸಂಭವ ಮಿಕ್ಕವುಗಳಿಗಿಂತ ಸ್ವಲ್ಪ ಹೆಚ್ಚೆಂಬ ಅಭಿಪ್ರಾಯವನ್ನು ಬಿಡಲಿಲ್ಲ. ಮರುವರ್ಷದ ಮಾರ್ಚಿನಲ್ಲಿ ಅಮೆರಿಕೆಯ ನಿಯಂತ್ರಣ ಮಂಡಲಿಯು, ಈ ಮಾದರಿಯ ಕವಚಗಳಿಗೂ ಇದರ ಮುಂದಿನ ಮಾದರಿಯ ಕವಚಗಳಿಗೂ, ಒತ್ತಡ ಏರಿದಾಗ ಹಬೆಯನ್ನು ಹೊರಬಿಡಬಲ್ಲ ಭದ್ರವಾದ ಕೊಳವೆಗಳನ್ನು ಜೋಡಿಸಬೇಕೆಂದು ಆಜ್ಞೆ ಹೊರಡಿಸಿತು.